ಪಿಯಾನೋ ಟೀಚರ್ ಹುಡುಕುವುದು ಹೇಗೆ? ಮೊದಲ ಫೋನ್ ಕರೆಯಿಂದ ಮೊದಲ ಮೂರು ತಿಂಗಳವರೆಗೆ

"ಮಗಳಿಗೆ ಪಿಯಾನೋ ಕಲಿಯೋ ಆಸೆ. ಒಳ್ಳೆ ಟೀಚರ್ ಯಾರಾದ್ರೂ ಗೊತ್ತಿದ್ದರೆ ಹೇಳಿ." ಪಿಯಾನೋ ಕಲಿಸುವ ನನಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರು ಸಾಮಾನ್ಯವಾಗಿ ಎರಡು ವಿಷಯ ಹೇಳುತ್ತಾರೆ: ಮನೆ ಯಾವ ಏರಿಯಾ, ಯಾವ ದಿನ ಬಿಡುವು. ಅಷ್ಟನ್ನು ಮಾತ್ರ ನೋಡಿ ಟೀಚರ್ ಹುಡುಕಿದರೆ ಹತ್ತಿರದವರು ಸಿಗುತ್ತಾರೆ. ಸರಿಯಾದವರು ಸಿಗುವುದು ಅದೃಷ್ಟಕ್ಕೆ ಬಿಟ್ಟದ್ದು.

ಕರ್ನಾಟಕ ಸಂಗೀತವಾದರೆ ನಮ್ಮಲ್ಲಿ ತುಂಬ ಮನೆಗಳಿಗೆ ಒಂದು ಅಂದಾಜಿರುತ್ತದೆ. ಸರಳೆ ವರಸೆ ಆದಮೇಲೆ ಜಂಟಿ ವರಸೆ, ಆಮೇಲೆ ಅಲಂಕಾರ, ಗೀತೆ ಅಂತ ಯಾರಿಗಾದರೂ ಗೊತ್ತಿರುತ್ತದೆ. ಪಾಠ ಹಳಿ ತಪ್ಪಿದರೆ ಅಜ್ಜಿಯೋ ಅತ್ತೆಯೋ ಕೂಡಲೇ ಹೇಳುತ್ತಾರೆ. ಪಿಯಾನೋ ವಿಷಯದಲ್ಲಿ ಹಾಗಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಕಾರಣ ಟೀಚರ್ ಹೇಳಿದ್ದೇ ಸರಿ ಎಂದು ನಂಬಬೇಕಾಗುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೆ ಒಂದು ತರಗತಿ, ಅದೂ 30 ಅಥವಾ 45 ನಿಮಿಷ. ಉಳಿದ ಆರು ದಿನ ಮಗು ತಾನೊಂದೇ ಪಿಯಾನೋ ಮುಂದೆ ಕೂರಬೇಕು. ಆ ಆರು ದಿನ ಏನು ಮಾಡಬೇಕು, ಹೇಗೆ ಮಾಡಬೇಕು ಎಂದು ಕಲಿಸುವ ಟೀಚರ್ ನಿಮಗೆ ಬೇಕು. ಕೆಳಗಿನ ಹಂತಗಳೆಲ್ಲ ಅಂಥವರನ್ನು ಗುರುತಿಸುವುದಕ್ಕಾಗಿ.

ಹಂತ 1: ಯಾವ ಥರದ ಸಂಗೀತ ಬೇಕು ಎಂದು ಮೊದಲು ಮನೆಯಲ್ಲೇ ಮಾತಾಡಿ

ಪಿಯಾನೋದಲ್ಲಿ ಕಲಿಯುವ ದಾರಿಗಳು ಹಲವು. ಸ್ಟಾಫ್ ನೋಟೇಶನ್, ಅಂದರೆ ಐದು ಗೆರೆಗಳ ಮೇಲೆ ಬರೆದ ಸ್ವರಲಿಪಿ, ಓದಿಕೊಂಡು ಬಾಖ್, ಮೊಟ್ಸಾರ್ಟ್, ಶೋಪಾನ್ ನುಡಿಸುವುದು ಪಾಶ್ಚಾತ್ಯ ಶಾಸ್ತ್ರೀಯದ ದಾರಿ. ಸಿನಿಮಾ ಹಾಡನ್ನು ಕೇಳಿ, ಬಲಗೈಯಲ್ಲಿ ಹಾಡಿನ ರಾಗ, ಎಡಗೈಯಲ್ಲಿ ಕಾರ್ಡ್ಸ್ ಹಾಕುವುದು ಇನ್ನೊಂದು ದಾರಿ. ಮೂರೋ ನಾಲ್ಕೋ ಸ್ವರಗಳನ್ನು ಒಟ್ಟಿಗೆ ಒತ್ತುವುದಕ್ಕೆ ಕಾರ್ಡ್ ಅನ್ನುತ್ತಾರೆ. ಚರ್ಚಿನಲ್ಲಿ ಹಾಡುವವರಿಗೆ ಜೊತೆ ನುಡಿಸುವುದು, ಜಾಜ್ ಶೈಲಿಯಲ್ಲಿ ಮನೋಧರ್ಮದಿಂದ, ಅಂದರೆ ಅಲ್ಲಲ್ಲೇ ಹೊಸದಾಗಿ ಕಟ್ಟಿಕೊಂಡು, ನುಡಿಸುವುದು, ಇವೂ ಬೇರೆ ಬೇರೆ. ಒಂದರಲ್ಲಿ ಪಳಗಿದವರು ಇನ್ನೊಂದನ್ನೂ ಚೆನ್ನಾಗಿ ಕಲಿಸುತ್ತಾರೆ ಎಂದುಕೊಳ್ಳಬೇಡಿ.

ಕರ್ನಾಟಕ ಸಂಗೀತವನ್ನೇ ಪಿಯಾನೋದಲ್ಲಿ ನುಡಿಸಬೇಕು ಎಂದು ಕೇಳುವವರೂ ಇದ್ದಾರೆ. ಪಿಯಾನೋದ ಪ್ರತಿ ಕೀ ಒಂದು ಸ್ಥಿರ ಸ್ವರ ಕೊಡುತ್ತದೆ. ಒಂದರಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ, ಹಾಗಾಗಿ ಗಮಕ ಹುಟ್ಟುವುದಿಲ್ಲ. ಕೆಲವು ಕೀಬೋರ್ಡ್‌ಗಳಲ್ಲಿ ಪಿಚ್ ಬೆಂಡ್ ಎಂಬ ಚಕ್ರ ಇರುತ್ತದೆ. ಅದನ್ನು ಬಳಸಿ ಗಮಕ ತರುವ ಕಲಾವಿದರಿದ್ದಾರೆ. ಅದು ಬೇರೆಯೇ ವಿದ್ಯೆ, ಅದಕ್ಕೆ ಬೇರೆಯೇ ಗುರು ಬೇಕು.

ಮಗು ಈಗಾಗಲೇ ಕರ್ನಾಟಕ ಸಂಗೀತ ಕಲಿಯುತ್ತಿದ್ದರೆ ಪಿಯಾನೋದಿಂದ ಅದು ಕೆಡುತ್ತದಾ ಎಂಬ ಭಯ ಬೇಡ. ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೋ ನುಡಿಸುತ್ತಿದ್ದವರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಎಂಬ ಅರ್ಹತೆ ಪಡೆದರು. ಅವರೇ ಮುಂದೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಎರಡನ್ನೂ ಕಲಿಯುವ ಮಗುವಿಗೆ ಸಮಯ ಸಾಕಾಗುತ್ತದಾ ಎಂದು ನೋಡಿ, ಅಷ್ಟೇ.

ದೊಡ್ಡವರು ತಮಗಾಗಿಯೇ ಟೀಚರ್ ಹುಡುಕುತ್ತಿದ್ದರೆ ಒಂದು ಮಾತು. "ನನಗೆ ಪರೀಕ್ಷೆ ಬೇಡ, ಇಷ್ಟದ ನಾಲ್ಕು ಹಾಡು ಚೆನ್ನಾಗಿ ನುಡಿಸಬೇಕು" ಎಂದು ಹೇಳಲು ಸಂಕೋಚಪಡಬೇಡಿ. ಅದು ಪೂರ್ತಿ ಸರಿಯಾದ ಗುರಿ. ದೊಡ್ಡವರಿಗೆ ಕಲಿಸಿ ಅಭ್ಯಾಸ ಇರುವವರನ್ನೇ ಹುಡುಕಿ. ಮಕ್ಕಳ ಪುಸ್ತಕವನ್ನೇ ನಿಮ್ಮ ಮುಂದೆಯೂ ಇಡುವವರಾದರೆ ಬೇಗ ಬೇಸರ ಬರುತ್ತದೆ.

ಹಂತ 2: ಮನೆಯಲ್ಲಿ ಯಾವ ವಾದ್ಯ ಇದೆ, ಯಾವುದು ಬರಲಿದೆ?

ಟೀಚರ್ ಕೇಳುವ ಮೊದಲ ಪ್ರಶ್ನೆ ಇದೇ ಆಗಿರಬೇಕು. ಪೂರ್ಣ ಪಿಯಾನೋದಲ್ಲಿ 88 ಕೀಗಳಿರುತ್ತವೆ, 52 ಬಿಳಿ, 36 ಕಪ್ಪು. ಕೀ ಒತ್ತಿದಾಗ ಒಳಗೆ ಒಂದು ಸುತ್ತಿಗೆ ತಂತಿಗೆ ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲು ದನಿ, ಜೋರಾಗಿ ಒತ್ತಿದರೆ ಜೋರು. ಬೆರಳಿಗೆ ಆ ತೂಕ ಗೊತ್ತಾಗುವುದೇ ಪಿಯಾನೋ ಕಲಿಕೆಯ ಅಡಿಪಾಯ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 61 ಕೀಗಳ ಕೀಬೋರ್ಡ್‌ನಲ್ಲಿ ಆ ತೂಕ ಇರುವುದಿಲ್ಲ. ಕೀ ಹಗುರ, ಒಳಗೆ ಸ್ಪ್ರಿಂಗ್ ಇರುತ್ತದೆ. ಮೊದಲ ಕೆಲವು ತಿಂಗಳು, ಮಗುವಿಗೆ ಆಸಕ್ತಿ ಇದೆಯಾ ಎಂದು ನೋಡುವುದಕ್ಕೆ ಅದು ಸಾಕು. ಆದರೆ ಕೊಳ್ಳುವುದಾದರೆ 'ಟಚ್ ಸೆನ್ಸಿಟಿವ್' ಇರಲೇಬೇಕು, ಅಂದರೆ ಒತ್ತಿದ ರಭಸಕ್ಕೆ ತಕ್ಕಂತೆ ದನಿ ಬದಲಾಗಬೇಕು. ಆಮೇಲೆ 88 'ವೆಯ್ಟೆಡ್' ಕೀ ಇರುವ ಡಿಜಿಟಲ್ ಪಿಯಾನೋಗೆ ಹೋಗಿ. ವೆಯ್ಟೆಡ್ ಅಂದರೆ ನಿಜವಾದ ಪಿಯಾನೋದ ಹಾಗೆ ತೂಕ ಕೊಟ್ಟ ಕೀ. ಯಮಾಹಾ, ರೋಲ್ಯಾಂಡ್, ಕವಾಯ್, ಕ್ಯಾಸಿಯೋ ಎಲ್ಲರೂ ಇಂಥವನ್ನು ಮಾಡುತ್ತಾರೆ. ಜೊತೆಗೆ ಒಂದು ಸಸ್ಟೇನ್ ಪೆಡಲ್ ಬೇಕು. ಕಾಲಲ್ಲಿ ಒತ್ತಿದರೆ ಸ್ವರ ಎಳೆದು ನಿಲ್ಲುವ ಪೆಡಲ್ ಅದು. ಎತ್ತರ ಸರಿಪಡಿಸಬಹುದಾದ ಸ್ಟೂಲೂ ಬೇಕು.

ತಂತಿ ಇರುವ ಅಕೂಸ್ಟಿಕ್ ಪಿಯಾನೋ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕರೆಂಟ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ. ಆದರೆ ಅದರಲ್ಲಿ ಇನ್ನೂರಕ್ಕಿಂತ ಹೆಚ್ಚು ತಂತಿಗಳಿರುತ್ತವೆ, ವರ್ಷಕ್ಕೆ ಎರಡು ಸಲವಾದರೂ ಟ್ಯೂನ್ ಮಾಡಿಸಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದ ತೇವಕ್ಕೆ ಮರ ಉಬ್ಬಿ ಕೀಗಳು ಸಿಕ್ಕಿಕೊಳ್ಳುತ್ತವೆ. ಟ್ಯೂನರ್ ಯಾರು, ಎಲ್ಲಿಂದ ಬರಬೇಕು ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಹಳೆಯ ಪಿಯಾನೋ ಕಡಿಮೆ ಬೆಲೆಗೆ ಬಂತು ಅಂತ ಮನೆಗೆ ತಂದು, ಆಮೇಲೆ ರಿಪೇರಿಗೆ ಜಾಸ್ತಿ ಸುರಿದವರು ಬಹಳ ಜನ.

ಎಚ್ಚರಿಕೆ: "ನಾನು ಹೇಳಿದ ಅಂಗಡಿಯಲ್ಲೇ, ಇದೇ ಮಾಡೆಲ್ ತಗೊಳ್ಳಿ" ಎಂದು ಮೊದಲ ದಿನವೇ ಒತ್ತಾಯ ಮಾಡಿದರೆ ಎರಡು ದಿನ ಬಿಟ್ಟು ಯೋಚಿಸಿ. ಒಳ್ಳೆಯ ಟೀಚರ್ ಎರಡು ಮೂರು ಆಯ್ಕೆ ಹೇಳುತ್ತಾರೆ, ಯಾಕೆ ಎಂದೂ ಹೇಳುತ್ತಾರೆ.

ಹಂತ 3: ಎಲ್ಲಿ ಹುಡುಕಬೇಕು

ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಕಾಣುವುದು ಜಾಹೀರಾತಿಗೆ ದುಡ್ಡು ಕೊಟ್ಟವರು. ಎಷ್ಟೋ ಒಳ್ಳೆಯ ಟೀಚರ್‌ಗಳು ಜಾಹೀರಾತು ಕೊಡುವುದೇ ಇಲ್ಲ. ಅವರ ತರಗತಿಗಳು ಬಾಯಿ ಮಾತಿನಲ್ಲೇ ತುಂಬಿರುತ್ತವೆ. ಅವರನ್ನು ತಲುಪುವ ದಾರಿಗಳು ಬೇರೆ.

ಮೊದಲನೆಯದು ಚರ್ಚು. ಬೆಂಗಳೂರಿನ ದಂಡು ಪ್ರದೇಶ, ಅಂದರೆ ಫ್ರೇಜರ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್ ಸುತ್ತಮುತ್ತ, ಪಾಶ್ಚಾತ್ಯ ಸಂಗೀತ ಮನೆಮನೆಗಳಲ್ಲಿ ತಲೆಮಾರುಗಳಿಂದ ಇದೆ. ಮಂಗಳೂರಿನಲ್ಲೂ ಹಾಗೇ. ಚರ್ಚಿನಲ್ಲಿ ಆರ್ಗನ್ ಅಥವಾ ಪಿಯಾನೋ ನುಡಿಸುವವರನ್ನು ಕೇಳಿ. ಅವರು ಕಲಿಸದಿದ್ದರೂ ಯಾರು ಕಲಿಸುತ್ತಾರೆ ಎಂದು ಅವರಿಗೆ ಗೊತ್ತಿರುತ್ತದೆ. ಇದಕ್ಕೆ ನೀವು ಆ ಧರ್ಮದವರೇ ಆಗಿರಬೇಕಿಲ್ಲ.

ಎರಡನೆಯದು ಸಂಗೀತ ಶಾಲೆಗಳು. ಬೆಂಗಳೂರಿನಲ್ಲಿ 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಚಿಕ್ಕ ಪುಟ್ಟ ಶಾಲೆಗಳು ಈಗ ಪ್ರತಿ ಬಡಾವಣೆಯಲ್ಲೂ ಇವೆ. ಶಾಲೆ ಆಯ್ದುಕೊಂಡರೂ ಮಗುವಿಗೆ ಕಲಿಸುವುದು ಒಬ್ಬ ಟೀಚರ್ ಅನ್ನುವುದು ನೆನಪಿರಲಿ. "ನಮ್ಮ ಮಗುವಿಗೆ ಯಾರು ಕಲಿಸುತ್ತಾರೆ? ಎಷ್ಟು ವರ್ಷದಿಂದ ಇಲ್ಲಿದ್ದಾರೆ?" ಎಂದು ಹೆಸರು ಹಿಡಿದು ಕೇಳಿ. ಆರು ತಿಂಗಳಿಗೊಮ್ಮೆ ಟೀಚರ್ ಬದಲಾಗುವ ಕಡೆ ಮಗು ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಮೂರನೆಯದು ವಿದ್ಯಾರ್ಥಿಗಳ ಕಾರ್ಯಕ್ರಮ. ಟೀಚರ್‌ಗಳು ವರ್ಷಕ್ಕೊಮ್ಮೆ ತಮ್ಮ ವಿದ್ಯಾರ್ಥಿಗಳಿಂದ ಕಾರ್ಯಕ್ರಮ ಮಾಡಿಸುತ್ತಾರೆ. ಸಾಧ್ಯವಾದರೆ ಒಂದಕ್ಕೆ ಹೋಗಿ ಕೂತುಬಿಡಿ. ಚೆನ್ನಾಗಿ ನುಡಿಸುವ ಒಬ್ಬ ಮಗುವನ್ನು ನೋಡಿ ತೀರ್ಮಾನಿಸಬೇಡಿ. ಅಂಥವರು ಎಲ್ಲಿ ಕಲಿತರೂ ಮೇಲೆ ಬರುತ್ತಾರೆ. ಸಾಧಾರಣವಾಗಿ ನುಡಿಸುವ ಮಕ್ಕಳನ್ನು ನೋಡಿ. ಅವರ ಭುಜ ಸಡಿಲವಾಗಿದೆಯಾ? ತಪ್ಪಾದಾಗ ಗಾಬರಿಯಾಗದೆ ಮುಂದೆ ಹೋಗುತ್ತಾರಾ? ಮುಗಿದಾಗ ಟೀಚರ್ ಕಡೆ ಹೆದರಿ ನೋಡುತ್ತಾರಾ, ನಗುತ್ತಾರಾ?

ಊರಿನಲ್ಲಿ ಯಾರೂ ಸಿಗದಿದ್ದರೆ ಆನ್‌ಲೈನ್ ತರಗತಿ ಇದೆ. ಅದಕ್ಕೆ ಕೆಲವು ಸಿದ್ಧತೆ ಬೇಕು. ಫೋನನ್ನು ಪಕ್ಕದಿಂದ, ಸ್ವಲ್ಪ ಎತ್ತರದಲ್ಲಿ ಇಡಿ. ಎರಡೂ ಕೈ, ಮೊಣಕೈ, ಪೂರ್ತಿ ಕೀಗಳು ಕಾಣಬೇಕು. ಜೂಮ್‌ನಂಥ ಆಪ್‌ಗಳು ಪಿಯಾನೋ ದನಿಯನ್ನೇ ಗದ್ದಲ ಎಂದು ತಿಳಿದು ಕತ್ತರಿಸುತ್ತವೆ. ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಎಂಬ ಆಯ್ಕೆ ಇದೆ, ಅದನ್ನು ಆನ್ ಮಾಡಿ. ದನಿ ತಡವಾಗಿ ತಲುಪುವುದರಿಂದ ಟೀಚರ್ ಮತ್ತು ಮಗು ಒಟ್ಟಿಗೆ ನುಡಿಸಲು ಆಗುವುದಿಲ್ಲ. ಆರೇಳು ವರ್ಷದ ಮಕ್ಕಳಿಗೆ ಮೊದಲ ಕೆಲವು ತಿಂಗಳಾದರೂ ಎದುರಿಗೆ ಕೂತು ಕಲಿಸುವವರು ಸಿಕ್ಕರೆ ಒಳ್ಳೆಯದು, ಯಾಕೆಂದರೆ ಕೈಯ ಭಂಗಿ ತಿದ್ದುವುದು ಪರದೆಯ ಮೂಲಕ ಕಷ್ಟ.

ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿನ ಶಿಕ್ಷಕರ ಸಂಘಗಳ ಪಟ್ಟಿಯಿಂದ ಶುರು ಮಾಡಬಹುದು. ಅಮೆರಿಕದಲ್ಲಿ ಮ್ಯೂಸಿಕ್ ಟೀಚರ್ಸ್ ನ್ಯಾಷನಲ್ ಅಸೋಸಿಯೇಷನ್ ಇದೆ. ಕೆನಡಾದಲ್ಲಿ ರಾಯಲ್ ಕನ್ಸರ್ವೇಟರಿ ಎಂಬ ಸಂಗೀತ ಸಂಸ್ಥೆಯ ಪರೀಕ್ಷೆಗಳು ಹೆಚ್ಚು ಬಳಕೆಯಲ್ಲಿವೆ.

ಹಂತ 4: ಗ್ರೇಡ್, ಸರ್ಟಿಫಿಕೇಟ್ ಅಂದರೆ ಏನು ಎಂದು ತಿಳಿದುಕೊಳ್ಳಿ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಎರಡು: ಟ್ರಿನಿಟಿ ಕಾಲೇಜ್ ಲಂಡನ್ ಮತ್ತು ಎಬಿಆರ್‌ಎಸ್‌ಎಂ. ಎರಡೂ ಇಂಗ್ಲೆಂಡಿನ ಪರೀಕ್ಷಾ ಮಂಡಳಿಗಳು. ಎಬಿಆರ್‌ಎಸ್‌ಎಂ 1889ರಲ್ಲಿ ಶುರುವಾದದ್ದು. ಇವು ಪರೀಕ್ಷೆ ಮಾಡುತ್ತವೆ, ವಾರವಾರ ಪಾಠ ಹೇಳುವುದು ಇವುಗಳ ಕೆಲಸವಲ್ಲ. ಯಾವ ಟೀಚರ್ ಬೇಕಾದರೂ ತಮ್ಮ ವಿದ್ಯಾರ್ಥಿಯನ್ನು ಪರೀಕ್ಷೆಗೆ ಕೂರಿಸಬಹುದು. ಹಾಗಾಗಿ ಬೋರ್ಡಿನ ಮೇಲೆ ಟ್ರಿನಿಟಿ ಎಂದು ದೊಡ್ಡದಾಗಿ ಬರೆದಿದ್ದರೆ ಅದರಿಂದ ಟೀಚರ್‌ನ ಗುಣಮಟ್ಟ ಗೊತ್ತಾಗುವುದಿಲ್ಲ.

ಎರಡರಲ್ಲೂ ಇನಿಷಿಯಲ್ ಎಂಬ ಆರಂಭದ ಹಂತ, ಆಮೇಲೆ 1ರಿಂದ 8ರವರೆಗೆ ಗ್ರೇಡ್‌ಗಳಿವೆ. ಎಬಿಆರ್‌ಎಸ್‌ಎಂನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೂರು ಪೀಸ್‌ಗಳು, ಅಂದರೆ ಮೂರು ರಚನೆಗಳು, ಜೊತೆಗೆ ಸ್ಕೇಲ್, ಸೈಟ್ ರೀಡಿಂಗ್, ಆರಲ್ ಟೆಸ್ಟ್ ಇರುತ್ತವೆ. ಸ್ಕೇಲ್ ನಮ್ಮ ಆರೋಹಣ ಅವರೋಹಣಕ್ಕೆ ಹತ್ತಿರದ್ದು. ಸೈಟ್ ರೀಡಿಂಗ್ ಅಂದರೆ ಹಿಂದೆ ನೋಡಿರದ ಚಿಕ್ಕ ರಚನೆಯನ್ನು ಅಲ್ಲೇ ಓದಿ ನುಡಿಸುವುದು. ಆರಲ್ ಟೆಸ್ಟ್ ಅಂದರೆ ಕೇಳಿ ಗುರುತಿಸುವುದು. ಒಟ್ಟು 150 ಅಂಕ, ಪಾಸಾಗಲು 100 ಬೇಕು. ಟ್ರಿನಿಟಿಯಲ್ಲಿ 100ಕ್ಕೆ 60 ಪಾಸು. ಎಬಿಆರ್‌ಎಸ್‌ಎಂನಲ್ಲಿ 6ನೇ ಗ್ರೇಡ್‌ಗೆ ಹೋಗುವ ಮೊದಲು ಥಿಯರಿಯ, ಅಂದರೆ ಸಂಗೀತ ಶಾಸ್ತ್ರದ, 5ನೇ ಗ್ರೇಡ್ ಅಥವಾ ಅದಕ್ಕೆ ಸಮ ಎಂದು ಒಪ್ಪಿದ ಇನ್ನೊಂದು ಪರೀಕ್ಷೆ ಆಗಿರಬೇಕು. ಟ್ರಿನಿಟಿಯಲ್ಲಿ ಈ ಕಟ್ಟುಪಾಡಿಲ್ಲ. 2020ರಿಂದ ಎಬಿಆರ್‌ಎಸ್‌ಎಂನಲ್ಲಿ ಪರ್ಫಾರ್ಮೆನ್ಸ್ ಗ್ರೇಡ್ ಎಂಬ ಇನ್ನೊಂದು ಬಗೆಯೂ ಬಂದಿದೆ. ನಾಲ್ಕು ರಚನೆಗಳನ್ನು ನಿಲ್ಲಿಸದೆ ನುಡಿಸಿ ವಿಡಿಯೋ ಕಳಿಸಬೇಕು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಒಂದು ದೊಡ್ಡ ಬಲೆ ಇಲ್ಲಿದೆ. ಪರೀಕ್ಷೆಯ ಮೂರು ರಚನೆಗಳನ್ನು ಇಡೀ ವರ್ಷ ಉಜ್ಜಿ ಉಜ್ಜಿ ಬಾಯಿಪಾಠದಂತೆ ನುಡಿಸಿದರೂ ಪಾಸಾಗಬಹುದು. ಹಾಗೆ ನಾಲ್ಕು ವರ್ಷ ಕಳೆದ ಮಗುವಿನ ಹತ್ತಿರ ನಾಲ್ಕು ಸರ್ಟಿಫಿಕೇಟ್ ಇರುತ್ತದೆ, ಆದರೆ ಹನ್ನೆರಡು ರಚನೆ ಬಿಟ್ಟು ಬೇರೇನೂ ಬರುವುದಿಲ್ಲ. ಹೊಸ ಪುಸ್ತಕ ಮುಂದಿಟ್ಟರೆ ಕೈ ಕಟ್ಟಿದ ಹಾಗಾಗುತ್ತದೆ. ಮನಸ್ಸಿಗೆ ಬಹಳ ನೋವಾಗುವ ವಿಷಯ ಇದು, ಯಾಕೆಂದರೆ ಮಗು ಶ್ರಮಪಟ್ಟಿರುತ್ತದೆ. ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಕೆಲವು ಮಕ್ಕಳಿಗೆ ಒಳ್ಳೆಯ ಗುರಿ. ಪ್ರತಿ ವರ್ಷ ಕೂರಬೇಕಿಲ್ಲ, ಎಲ್ಲ ಗ್ರೇಡನ್ನೂ ಸಾಲಾಗಿ ಮಾಡಲೇಬೇಕು ಎಂಬ ನಿಯಮವೂ ಇಲ್ಲ. ನಡುವಿನದನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು.

ಟೀಚರ್‌ನ ಅರ್ಹತೆ ನೋಡುವಾಗ: 8ನೇ ಗ್ರೇಡ್ ಆಗಿದೆ ಅಂದರೆ ಚೆನ್ನಾಗಿ ನುಡಿಸಬಲ್ಲರು ಎಂದರ್ಥ. ಕಲಿಸಲು ಬರುತ್ತದೆ ಎಂದಲ್ಲ. ಅದರ ಮೇಲೆ ಟ್ರಿನಿಟಿಯ ಎಟಿಸಿಎಲ್, ಎಲ್‌ಟಿಸಿಎಲ್, ಎಬಿಆರ್‌ಎಸ್‌ಎಂನ ಎಲ್‌ಆರ್‌ಎಸ್‌ಎಂ ಮುಂತಾದ ಡಿಪ್ಲೊಮಾಗಳಿವೆ. ಅದು ನುಡಿಸುವುದರಲ್ಲಿ ಪಡೆದದ್ದಾ, ಕಲಿಸುವುದರಲ್ಲಿ ಪಡೆದದ್ದಾ ಎಂದು ಕೇಳಿ. ಯಾವ ಡಿಪ್ಲೊಮಾ ಇಲ್ಲದೆಯೂ ಚೆನ್ನಾಗಿ ಕಲಿಸುವವರಿದ್ದಾರೆ. ಅಂಥವರನ್ನು ಹಂತ 6ರಲ್ಲಿ ಗುರುತಿಸಬಹುದು.

ಹಂತ 5: ಫೋನ್ ಮಾಡಿ ಕೇಳಬೇಕಾದ ಪ್ರಶ್ನೆಗಳು

ಫೀಸ್ ಎಷ್ಟು ಎಂದೇ ಮಾತು ಶುರು ಮಾಡಬೇಡಿ. ಹೀಗೆ ಶುರು ಮಾಡಬಹುದು: "ನಮಸ್ಕಾರ ಮೇಡಂ, ನನ್ನ ಮಗನಿಗೆ ಎಂಟು ವರ್ಷ. ಇದುವರೆಗೆ ಕಲಿತಿಲ್ಲ. ನಿಮ್ಮ ಹತ್ತಿರ ಹೊಸಬರು ಮೊದಲ ಆರು ತಿಂಗಳಲ್ಲಿ ಏನೇನು ಕಲಿಯುತ್ತಾರೆ?"

ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ವಿಷಯ ತಿಳಿಯುತ್ತದೆ. "ಕೂರುವುದು, ಕೈ ಇಡುವುದು, ಲಯ, ಎರಡು ಕೈ ಸೇರಿಸುವುದು, ಸುಲಭದ ಹತ್ತು ಹದಿನೈದು ರಚನೆ" ಎಂದು ಬಿಡಿಸಿ ಹೇಳಿದರೆ ಅವರ ತಲೆಯಲ್ಲಿ ಒಂದು ದಾರಿ ಇದೆ. "ಆರು ತಿಂಗಳಲ್ಲಿ ಗ್ರೇಡ್ 1 ಮಾಡಿಸಿಬಿಡ್ತೀನಿ" ಎಂದರೆ ಹುಷಾರು.

ಇನ್ನೂ ಮೂರು ಪ್ರಶ್ನೆ ಸಾಕು. ಮಗು ಒಂದು ವಾರ ಅಭ್ಯಾಸ ಮಾಡದೆ ಬಂದರೆ ನೀವು ಏನು ಮಾಡುತ್ತೀರಿ? ತರಗತಿಯಲ್ಲಿ ಒಬ್ಬರೇನಾ, ಗುಂಪಾ? ಒಂದು ಟ್ರಯಲ್ ಕ್ಲಾಸ್, ಅಂದರೆ ಪರೀಕ್ಷಾರ್ಥ ತರಗತಿ, ತಗೊಂಡು ಆಮೇಲೆ ತೀರ್ಮಾನಿಸಬಹುದಾ? ಟ್ರಯಲ್ ಕ್ಲಾಸಿಗೆ ದುಡ್ಡು ಕೇಳಿದರೆ ಕೊಡಿ, ಅದು ಅವರ ಸಮಯ.

ಗುಂಪಿನ ತರಗತಿ ಬಗ್ಗೆ: ನಾಲ್ಕೈದು ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ತಮ್ಮ ತಮ್ಮ ಕೀಬೋರ್ಡ್ ಮುಂದೆ ಕೂತು, ಟೀಚರ್ ಒಬ್ಬೊಬ್ಬರ ಹತ್ತಿರ ಐದೈದು ನಿಮಿಷ ಬರುವ ವ್ಯವಸ್ಥೆ ಬಹಳ ಕಡೆ ಇದೆ. ಚಿಕ್ಕ ಮಕ್ಕಳ ಲಯದ ಆಟಕ್ಕೆ ಗುಂಪು ಚೆನ್ನ. ಪಿಯಾನೋದ ಕೈ ಕೆಲಸಕ್ಕೆ ಒಬ್ಬೊಬ್ಬರಿಗೇ ಪಾಠ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 6: ಟ್ರಯಲ್ ಕ್ಲಾಸಿನಲ್ಲಿ ಏನನ್ನು ನೋಡಬೇಕು

ಇಡೀ ಹುಡುಕಾಟದಲ್ಲಿ ಇದೇ ಮುಖ್ಯ. ಸಾಧ್ಯವಾದರೆ ಇಬ್ಬರು ಮೂವರು ಟೀಚರ್‌ಗಳ ಹತ್ತಿರ ಮಾಡಿ. ನೀವು ಕೋಣೆಯ ಮೂಲೆಯಲ್ಲಿ ಸುಮ್ನೆ ಕೂತು ನೋಡಿ. ಮಗುವಿನ ಪರವಾಗಿ ಉತ್ತರ ಕೊಡಬೇಡಿ.

ಮೊದಲು ಕೂರಿಸುವುದನ್ನು ನೋಡಿ. ಸ್ಟೂಲಿನ ಎತ್ತರ ಸರಿ ಮಾಡಿದರಾ? ಮೊಣಕೈ ಹೆಚ್ಚು ಕಡಿಮೆ ಕೀಗಳ ಮಟ್ಟಕ್ಕೆ ಬರಬೇಕು. ಪುಟ್ಟ ಮಗುವಿನ ಕಾಲು ನೆಲಕ್ಕೆ ತಾಗದಿದ್ದರೆ ಕೆಳಗೆ ಒಂದು ಮಣೆ ಇಡಬೇಕು. ಕಾಲು ಜೋತಾಡುತ್ತಿದ್ದರೆ ಬೆನ್ನು ಬಾಗುತ್ತದೆ, ಭುಜ ಬಿಗಿಯಾಗುತ್ತದೆ. ಇದನ್ನು ಗಮನಿಸದ ಟೀಚರ್ ಮುಂದೆ ಮಣಿಕಟ್ಟಿನ ನೋವನ್ನೂ ಗಮನಿಸುವುದಿಲ್ಲ. ನುಡಿಸುವಾಗ ನೋವಾದರೆ ನಿಲ್ಲಿಸು ಎಂದು ಹೇಳುವವರು ಬೇಕು. "ಅಭ್ಯಾಸ ಆದರೆ ಹೋಗುತ್ತೆ" ಎನ್ನುವವರು ಬೇಡ.

ಎರಡನೆಯದು, ಕೇಳಿಸಿಕೊಳ್ಳುವುದು. ಮಗು ಏನಾದರೂ ನುಡಿಸಿದಾಗ ಕೊನೆಯವರೆಗೆ ಕೇಳುತ್ತಾರಾ? ಮೊದಲ ತಪ್ಪಿಗೇ "ಸ್ಟಾಪ್ ಸ್ಟಾಪ್" ಅನ್ನುತ್ತಾರಾ? ಒಳ್ಳೆಯವರು ಪೂರ್ತಿ ಕೇಳಿ, ಹತ್ತು ತಪ್ಪಿದ್ದರೂ ಅದರಲ್ಲಿ ಒಂದನ್ನು ಆರಿಸಿ ತಿದ್ದುತ್ತಾರೆ. ಆ ಒಂದು ಸರಿಯಾದರೆ ಇನ್ನೂ ನಾಲ್ಕು ತಾನಾಗಿಯೇ ಸರಿಹೋಗುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

ಮೂರನೆಯದು, ಕಷ್ಟದ ಜಾಗವನ್ನು ಹೇಗೆ ಬಿಡಿಸುತ್ತಾರೆ ಅನ್ನುವುದು. ಮಗು ಒಂದು ಕಡೆ ಎಡವಿದಾಗ "ಮತ್ತೆ ಮೊದಲಿಂದ" ಎಂದು ಹೇಳುವುದು ಸುಲಭ. ಆದರೆ ಹಾಗೆ ಮಾಡಿದರೆ ಬರುವ ಭಾಗ ಇಪ್ಪತ್ತು ಸಲ ಆಗುತ್ತದೆ, ಬಾರದ ಭಾಗ ಹಾಗೇ ಉಳಿಯುತ್ತದೆ. ಬಲಗೈ ಮಾತ್ರ, ಎಡಗೈ ಮಾತ್ರ, ಅರ್ಧ ವೇಗದಲ್ಲಿ, ಎರಡೇ ಬಾರ್ ಸೇರಿಸಿ, ಹೀಗೆ ಬಿಡಿಸಬೇಕು. ಬಾರ್ ಅಂದರೆ ಸ್ವರಲಿಪಿಯಲ್ಲಿ ಎರಡು ನಿಂತ ಗೆರೆಗಳ ನಡುವಿನ ಭಾಗ, ನಮ್ಮ ತಾಳದ ಒಂದು ಆವರ್ತದ ಲೆಕ್ಕ. ಹೀಗೆ ಬಿಡಿಸುವುದನ್ನು ತರಗತಿಯಲ್ಲಿ ನೋಡಿದ ಮಗು ಮನೆಯಲ್ಲೂ ಅದನ್ನೇ ಮಾಡುತ್ತದೆ.

ನಾಲ್ಕನೆಯದು ಪುಸ್ತಕದ ಮೇಲಿನ ಬರಹ. ಪ್ರತಿ ಸ್ವರದ ಕೆಳಗೂ ಸಿ ಡಿ ಇ ಎಂದೋ ಸ ರಿ ಗ ಎಂದೋ ಬರೆದುಕೊಟ್ಟರೆ ಮಗು ಆ ಅಕ್ಷರಗಳನ್ನೇ ಓದುತ್ತದೆ, ಐದು ಗೆರೆಗಳನ್ನು ಓದಲು ಕಲಿಯುವುದೇ ಇಲ್ಲ. ಬೆರಳಿನ ಸಂಖ್ಯೆ ಬರೆಯುವುದು ಬೇರೆ, ಅದು ಬೇಕು. ಎರಡೂ ಕೈಗಳಲ್ಲಿ ಹೆಬ್ಬೆರಳು 1, ಕಿರುಬೆರಳು 5. ಕಷ್ಟದ ಒಂದೆರಡು ಸ್ವರದ ಹೆಸರು ಬರೆದರೆ ತೊಂದರೆಯಿಲ್ಲ. ಇಡೀ ಪುಟ ಅಕ್ಷರಗಳಿಂದ ತುಂಬಿದ್ದರೆ ಅದು ಬೇಗ ಹಾಡು ಬರಿಸುವ ಅಡ್ಡದಾರಿ.

ಐದನೆಯದು, ಕೊನೆಯ ಐದು ನಿಮಿಷ. ಒಂದು ನೋಟ್‌ಬುಕ್ಕಿನಲ್ಲಿ ಮನೆಗೆಲಸ ಬರೆಯುತ್ತಾರಾ? "ಚೆನ್ನಾಗಿ ಪ್ರಾಕ್ಟೀಸ್ ಮಾಡು" ಎಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. "5ರಿಂದ 8ನೇ ಬಾರ್, ಎಡಗೈ ಮಾತ್ರ, ನಿಧಾನ, ದಿನಕ್ಕೆ ನಾಲ್ಕು ಸಲ. ಗುರುವಾರದಿಂದ ಎರಡೂ ಕೈ" ಎಂದು ಬರೆದರೆ ಸಂಗೀತ ಗೊತ್ತಿಲ್ಲದ ಅಪ್ಪ ಅಮ್ಮನೂ ಪಕ್ಕದಲ್ಲಿ ಕೂತು ನೋಡಿಕೊಳ್ಳಬಹುದು. ಒಂದೇ ಒಂದು ಗುರುತನ್ನು ನೋಡಿ ಟೀಚರ್ ಆರಿಸಬೇಕು ಎಂದರೆ ನಾನು ಈ ನೋಟ್‌ಬುಕ್ಕನ್ನು ನೋಡಿ ಆರಿಸುತ್ತೇನೆ.

ತರಗತಿ ಮುಗಿದ ಮೇಲೆ "ನೀವು ಏನಾದರೂ ನುಡಿಸುತ್ತೀರಾ?" ಎಂದು ವಿನಯದಿಂದ ಕೇಳಿ. ದೊಡ್ಡ ರಚನೆ ಬೇಕಿಲ್ಲ, ಮಗುವಿನ ಪಾಠವನ್ನೇ ಸುಂದರವಾಗಿ ನುಡಿಸಿದರೂ ಸಾಕು. ಅವರ ಹತ್ತಿರ ಎರಡು ವರ್ಷ ಕಲಿತ ಮಗುವನ್ನು ಕಾಣುವ ಅವಕಾಶ ಇದ್ದರೆ, ಹೊಸದೊಂದು ಸುಲಭ ರಚನೆಯನ್ನು ತಾನೇ ಓದಿ ನುಡಿಸುತ್ತದಾ ಎಂದು ನೋಡಿ. ನಿಧಾನವಾಗಿ, ತಡವರಿಸುತ್ತಾ ನುಡಿಸಿದರೂ ಪರವಾಗಿಲ್ಲ. ಓದಲು ಬರುತ್ತದೆ ಅನ್ನುವುದು ಮುಖ್ಯ.

ಮನೆಗೆ ಬರುವ ದಾರಿಯಲ್ಲಿ ಮಗುವನ್ನು "ಟೀಚರ್ ಇಷ್ಟ ಆದ್ರಾ?" ಎಂದು ಕೇಳುವ ಬದಲು "ಇವತ್ತು ಏನು ಕಲಿತೆ?" ಎಂದು ಕೇಳಿ. ಉತ್ತರ ಸ್ಪಷ್ಟವಾಗಿ ಬಂದರೆ ಪಾಠವೂ ಸ್ಪಷ್ಟವಾಗಿತ್ತು.

ಹಂತ 7: ಫೀಸ್ ಮತ್ತು ನಿಯಮಗಳು

ತಿಂಗಳ ಫೀಸನ್ನು ಗಂಟೆಗೆ ಇಳಿಸಿ ಹೋಲಿಸಿ. ವಾರಕ್ಕೊಂದು 30 ನಿಮಿಷದ ತರಗತಿ ಅಂದರೆ ನಾಲ್ಕು ವಾರಕ್ಕೆ 2 ಗಂಟೆ. 45 ನಿಮಿಷದ್ದಾದರೆ 3 ಗಂಟೆ. ತಿಂಗಳ ಮೊತ್ತ ಜಾಸ್ತಿ ಕಂಡರೂ ಗಂಟೆಯ ಲೆಕ್ಕದಲ್ಲಿ ಕಡಿಮೆ ಇರಬಹುದು. ಮಗು ರಜೆ ಹಾಕಿದರೆ, ಟೀಚರ್ ರಜೆ ಹಾಕಿದರೆ, ಬದಲಿ ತರಗತಿ ಇದೆಯಾ? ಬೇಸಿಗೆ ರಜೆಯಲ್ಲಿ ಊರಿಗೆ ಹೋದರೆ ಫೀಸ್ ಕೊಡಬೇಕಾ? ಪರೀಕ್ಷೆ ಫೀಸ್, ಪುಸ್ತಕ ಬೇರೆನಾ? ಬಿಡುವುದಾದರೆ ಎಷ್ಟು ಮುಂಚೆ ಹೇಳಬೇಕು? ಉತ್ತರಗಳನ್ನು ವಾಟ್ಸಾಪ್‌ನಲ್ಲಿ ಒಂದು ಸಂದೇಶವಾಗಿ ಹಾಕಿಸಿಕೊಳ್ಳಿ. ಇಡೀ ವರ್ಷದ ಫೀಸನ್ನು ಮೊದಲೇ ಕೊಡಬೇಡಿ. ಮೂರು ತಿಂಗಳದ್ದು ಕೊಟ್ಟರೆ ಸಾಕು.

ಹಂತ 8: ಮಗುವಿನ ಸುರಕ್ಷತೆ

ಈ ವಿಷಯದಲ್ಲಿ ಮುಜುಗರ ಬೇಡ. ಒಬ್ಬರಿಗೊಬ್ಬರು ಪಾಠ ನಡೆಯುವ ಕೋಣೆಯ ಬಾಗಿಲು ತೆರೆದಿರಬೇಕು, ಇಲ್ಲವೇ ಹೊರಗಿನಿಂದ ಕಾಣುವ ಗಾಜಿರಬೇಕು. ತಂದೆತಾಯಿ ಯಾವಾಗ ಬೇಕಾದರೂ ಬಂದು ಕೂರಬಹುದು ಅನ್ನುವುದು ಮೊದಲ ದಿನವೇ ಸ್ಪಷ್ಟವಾಗಲಿ. ಕೈ ತಿದ್ದುವಾಗ ಮುಟ್ಟಬೇಕಾದರೆ ಮಗುವನ್ನು ಕೇಳಿ ಮುಟ್ಟಬೇಕು. ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆಯುವುದು, ಎಲ್ಲರೆದುರು ಹೀಯಾಳಿಸುವುದು ಒಂದು ಸಲ ನಡೆದರೂ ಅಲ್ಲಿಂದ ಬಿಡಿಸಿ. ಏನಾದರೂ ಕೆಟ್ಟದ್ದು ನಡೆದ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಸಂಗೀತದ ಪಾಠದ ಕೋಣೆಗೂ ಅನ್ವಯಿಸುತ್ತದೆ.

ಹಂತ 9: ಮೊದಲ ಮೂರು ತಿಂಗಳು

ಸೇರಿಸಿದ ಕೂಡಲೇ ಹುಡುಕಾಟ ಮುಗಿಯುವುದಿಲ್ಲ. ಮೂರು ತಿಂಗಳ ಕೊನೆಗೆ ನೋಡಿ: ಮಗು ಹೇಳಿಸಿಕೊಳ್ಳದೆ ಒಮ್ಮೊಮ್ಮೆಯಾದರೂ ಪಿಯಾನೋ ಮುಂದೆ ಕೂರುತ್ತದಾ? ಹಳೆಯ ಸುಲಭ ರಚನೆಗಳು ಇನ್ನೂ ನೆನಪಿವೆಯಾ? ಎಣಿಸುತ್ತಾ ನುಡಿಸುತ್ತದಾ? ನೋಟ್‌ಬುಕ್ ತುಂಬುತ್ತಿದೆಯಾ?

ನಿಮ್ಮ ಪಾಲಿನ ಕೆಲಸವೂ ಇದೆ. ಚಿಕ್ಕ ಮಕ್ಕಳಿಗೆ ದಿನಕ್ಕೆ 10ರಿಂದ 15 ನಿಮಿಷ ಸಾಕು, ಆದರೆ ದಿನವೂ ಬೇಕು. ಭಾನುವಾರ ಒಂದೂವರೆ ಗಂಟೆ ಕೂರಿಸಿ ವಾರದ್ದೆಲ್ಲ ತೀರಿಸುವುದರಿಂದ ಉಪಯೋಗವಿಲ್ಲ. ಪಿಯಾನೋವನ್ನು ಟಿವಿ ಇರುವ ಕೋಣೆಯಲ್ಲಿ ಇಡಬೇಡಿ. ನೆಂಟರು ಬಂದಾಗಲೆಲ್ಲ "ಒಂದು ಹಾಡು ನುಡಿಸು" ಎಂದು ಒತ್ತಾಯ ಮಾಡಬೇಡಿ. ಟೀಚರ್ ಹೇಳಿದ್ದಕ್ಕೆ ವಿರುದ್ಧವಾಗಿ ಯೂಟ್ಯೂಬ್‌ನಲ್ಲಿ ಬಣ್ಣದ ಪಟ್ಟಿಗಳು ಕೀ ಮೇಲೆ ಬೀಳುವ ವಿಡಿಯೋ ನೋಡಿ ನುಡಿಸಲು ಬಿಟ್ಟರೆ ಓದುವ ಅಭ್ಯಾಸ ನಿಂತುಹೋಗುತ್ತದೆ.

ನಿಧಾನ ಅನಿಸಿದರೆ ಕೂಡಲೇ ಟೀಚರನ್ನು ದೂರಬೇಡಿ. ಮೊದಲ ಆರು ತಿಂಗಳು ಎಲ್ಲರಿಗೂ ನಿಧಾನ. ಎರಡು ಕೈ ಬೇರೆ ಬೇರೆ ಕೆಲಸ ಮಾಡುವುದನ್ನು ಮೆದುಳು ಕಲಿಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ.

ಹಂತ 10: ಟೀಚರ್ ಬದಲಿಸಬೇಕಾಗಿ ಬಂದರೆ

ವರ್ಷ ಕಳೆದರೂ ಮಗು ಒಂದು ಸಾಲನ್ನೂ ತಾನೇ ಓದಲಾರದು, ತರಗತಿಯ ದಿನ ಹೊಟ್ಟೆನೋವು ಬರುತ್ತದೆ, ಟೀಚರ್ ಪಾಠದ ನಡುವೆ ಫೋನ್ ನೋಡುತ್ತಾರೆ, ಪರೀಕ್ಷೆ ಬಿಟ್ಟು ಬೇರೆ ಮಾತೇ ಇಲ್ಲ. ಹೀಗಿದ್ದರೆ ಮೊದಲು ಒಂದು ಸಲ ಕೂತು ಮಾತಾಡಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಒಂದು ತಿಂಗಳು ಕಾದೂ ಬದಲಾವಣೆ ಕಾಣದಿದ್ದರೆ ಬಿಡಿ. ಕೆಲವು ಸಲ ಟೀಚರ್ ಒಳ್ಳೆಯವರೇ ಆಗಿರುತ್ತಾರೆ, ಮಗು ಅವರ ಮಟ್ಟ ದಾಟಿರುತ್ತದೆ. ಪ್ರಾಮಾಣಿಕರಾದವರು "ಇನ್ನು ಮುಂದೆ ಇಂಥವರ ಹತ್ತಿರ ಹೋಗಿ" ಎಂದು ತಾವೇ ಕಳಿಸಿಕೊಡುತ್ತಾರೆ. ಅಂಥವರ ಮೇಲೆ ನನಗೆ ಬಹಳ ಗೌರವ.

ಹೇಳದೆ ಕೇಳದೆ ನಿಲ್ಲಿಸಬೇಡಿ. ಫೋನ್ ಮಾಡಿ ಹೇಳಿ, ಆ ತಿಂಗಳ ಫೀಸ್ ಕೊಡಿ, ಮಗುವಿನ ಕೈಯಲ್ಲೇ ಒಂದು ಧನ್ಯವಾದ ಹೇಳಿಸಿ. ಪರೀಕ್ಷೆಗೆ ಹೆಸರು ಕೊಟ್ಟಾಗಿದ್ದರೆ ಅದರ ನೋಂದಣಿ ವಿವರ, ಹಳೆಯ ಅಂಕಪಟ್ಟಿಗಳನ್ನು ಪಡೆದುಕೊಳ್ಳಿ. ಹೊಸ ಟೀಚರ್ ಹತ್ತಿರ ಹೋಗುವಾಗ ಹಳೆಯ ನೋಟ್‌ಬುಕ್, ನುಡಿಸಿದ ಎಲ್ಲ ಪುಸ್ತಕಗಳನ್ನು ತೆಗೆದುಕೊಂಡು ಹೋಗಿ. ಅವರು ಮೊದಲ ಒಂದೆರಡು ತಿಂಗಳು ಸುಲಭದ ರಚನೆಗಳಿಗೆ ಹಿಂತಿರುಗಿಸಬಹುದು. "ನಮ್ಮವನು ಆಗಲೇ ಗ್ರೇಡ್ 3 ಮುಗಿಸಿದ್ದಾನೆ" ಎಂದು ಅಡ್ಡ ಹಾಕಬೇಡಿ. ಕೈ ಸಡಿಲ ಮಾಡಲು, ಓದು ಸರಿಪಡಿಸಲು ಆ ಸುಲಭದ ರಚನೆಗಳೇ ಬೇಕು. ಮಗುವಿಗೆ ಅವಮಾನ ಅನಿಸದ ಹಾಗೆ ಅದನ್ನು ಮೊದಲೇ ಹೇಳಿಡಿ.